ವಿಮಾನದ ಹಿಂದಿನ ದಿನ ಬೋಟು ನಿಂತಾಗ: ಅಂಡಮಾನಿನ ಒಂದು ಪ್ರಕರಣ

ಅಂಡಮಾನಿಗೆ ಹೊರಟವರು ನನ್ನನ್ನು ಮೊದಲು ಕೇಳೋದು ಯಾವ ಬೋಟು ಬೇಗ ಮುಟ್ಟಿಸುತ್ತೆ ಅಂತ. ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ: ಬೋಟು ಹೊರಡದಿದ್ದರೆ ಆ ದಿನ ನೀವು ಯಾವ ದ್ವೀಪದಲ್ಲಿರುತ್ತೀರಿ? ಬಹಳ ಜನ ಅದನ್ನು ಯೋಚಿಸಿಯೇ ಇರುವುದಿಲ್ಲ.

ಕೆಲಸದ ಮೇಲೆ ಕೆಲವು ವರ್ಷ ಅಂಡಮಾನಿನ ರಾಜಧಾನಿ ಪೋರ್ಟ್ ಬ್ಲೇರಿನಲ್ಲಿದ್ದೆ. ಅದಕ್ಕೇ ಪರಿಚಯದವರು ಪ್ಲಾನ್ ಮಾಡುವಾಗ ಫೋನ್ ಮಾಡುತ್ತಾರೆ, ಸಿಕ್ಕಿಕೊಂಡಾಗಲೂ ಮಾಡುತ್ತಾರೆ. ಇಲ್ಲಿ ಬರೆಯುತ್ತಿರುವುದು ಅಂಥ ಒಂದು ಕುಟುಂಬದ ಕಥೆ. ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಊರು, ವರ್ಷ ಹೇಳುವುದಿಲ್ಲ, ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಈ ಪ್ರಕರಣ ಯಾಕೆ ಮುಖ್ಯ ಅಂದ್ರೆ, ಒಂದೇ ಮನೆಯವರು ಒಂದೇ ಜೆಟ್ಟಿಯಿಂದ ಒಂದೇ ದಿನ ಎರಡು ದಿಕ್ಕಿಗೆ ಹೊರಟರು. ಹಾಗಾಗಿ ಎರಡು ತೀರ್ಮಾನಗಳು ಎಲ್ಲಿಗೆ ಮುಟ್ಟಿಸಿದವು ಅಂತ ಪಕ್ಕಪಕ್ಕದಲ್ಲಿಟ್ಟು ನೋಡಬಹುದು.

ಯಾರು, ಏನು ಪ್ಲಾನು

ಒಟ್ಟು ಏಳು ಜನ. ಅಣ್ಣ, ಅತ್ತಿಗೆ, ಅವರ ಕಾಲೇಜು ಓದುವ ಮಗಳು. ತಂಗಿ, ಅವಳ ಗಂಡ, ಅವರ ಪುಟ್ಟ ಮಗ. ಜೊತೆಗೆ ಅಣ್ಣ-ತಂಗಿಯ ಅಮ್ಮ, ಎಪ್ಪತ್ತು ದಾಟಿದವರು, ಬಿಪಿ ಮತ್ತು ಸಕ್ಕರೆ ಕಾಯಿಲೆಗೆ ದಿನಾ ಮಾತ್ರೆ, ಮೊಣಕಾಲು ನೋವು. ನವೆಂಬರ್ ಕೊನೆಯ ವಾರ. ಬೆಂಗಳೂರಿನಿಂದ ಹೋಗಿ ಬರುವ ವಿಮಾನದ ಟಿಕೆಟ್ಟು ಏಳು ಜನರದ್ದೂ ಒಂದೇ ಪಿಎನ್‌ಆರ್‌ನಲ್ಲಿ, ಅದೂ ಅಣ್ಣನ ಫೋನಿನಲ್ಲಿ.

ಏಜೆಂಟರು ಕೊಟ್ಟ ಪ್ಲಾನು ತುಂಬಾ ಜನರಿಗೆ ಸಿಗುವಂಥದ್ದೇ. ಮೊದಲ ರಾತ್ರಿ ಪೋರ್ಟ್ ಬ್ಲೇರ್, ಆಮೇಲೆ ಎರಡು ರಾತ್ರಿ ಹ್ಯಾವ್‌ಲಾಕ್, ಎರಡು ರಾತ್ರಿ ನೀಲ್. ಕೊನೆಯ ದಿನ ಬೆಳಿಗ್ಗೆ ನೀಲ್‌ನಿಂದ ಬೋಟು ಹತ್ತಿ ಪೋರ್ಟ್ ಬ್ಲೇರಿಗೆ ಬಂದು, ಅಲ್ಲಿಂದ ನೇರ ವಿಮಾನ ನಿಲ್ದಾಣ, ಮಧ್ಯಾಹ್ನ ಒಂದರ ವಿಮಾನ. (ಹ್ಯಾವ್‌ಲಾಕ್ 2018ರಿಂದ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ, ಪೋರ್ಟ್ ಬ್ಲೇರ್ 2024ರಿಂದ ಶ್ರೀ ವಿಜಯ ಪುರಂ. ಟಿಕೆಟ್ಟಿನಲ್ಲಿ ಹೊಸ ಹೆಸರು ಕಂಡರೆ ಗಾಬರಿಯಾಗಬೇಡಿ. ಜನ ಮಾತಾಡುವಾಗ ಹಳೇ ಹೆಸರೇ ಹೇಳುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.)

ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತೆ. ಮೂರು ಜಾಗ ತ್ರಿಕೋನದ ಹಾಗಿವೆ. ಪೋರ್ಟ್ ಬ್ಲೇರಿನಿಂದ ಹ್ಯಾವ್‌ಲಾಕ್ ಸುಮಾರು 40 ಕಿಲೋಮೀಟರ್, ನೀಲ್ ಅದಕ್ಕಿಂತ ಸ್ವಲ್ಪ ಕಡಿಮೆ, ಎರಡು ದ್ವೀಪಗಳ ನಡುವೆ ವೇಗದ ಬೋಟಿಗೆ ಒಂದು ಗಂಟೆಯೂ ಬೇಡ. ಬಂದ ದಾರಿಯಲ್ಲೇ ವಾಪಸ್ ಬರುವ ಕೆಲಸ ಇಲ್ಲ, ಪೋರ್ಟ್ ಬ್ಲೇರಿನಲ್ಲಿ ಕೊನೆಯ ರಾತ್ರಿಯ ರೂಮಿನ ಖರ್ಚೂ ಉಳೀತು. ಆದರೆ ಆ ಉಳಿತಾಯಕ್ಕೆ ಎರಡು ಗಂಟೆಯ ಸಮುದ್ರ ಯಾನ ವಿಮಾನದ ಬಾಲಕ್ಕೆ ಅಂಟಿಕೊಂಡಿತು. ನವೆಂಬರ್ ಅಂದ್ರೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಏಳುವ ಕಾಲ. 2016ರ ಡಿಸೆಂಬರ್ ಮೊದಲ ವಾರದಲ್ಲಿ ಹ್ಯಾವ್‌ಲಾಕ್ ಮತ್ತು ನೀಲ್‌ನಲ್ಲಿ ಸಾವಿರಕ್ಕೂ ಜಾಸ್ತಿ ಪ್ರವಾಸಿಗರು ಸಿಕ್ಕಿಕೊಂಡು, ಕೊನೆಗೆ ನೌಕಾಪಡೆಯ ಹಡಗುಗಳು ಹೋಗಿ ಕರೆತರಬೇಕಾಯಿತು. ಅಷ್ಟು ದೊಡ್ಡದು ಪ್ರತಿ ವರ್ಷ ಆಗುವುದಿಲ್ಲ ನಿಜ. ಆದರೆ ಒಂದೆರಡು ದಿನ ಬೋಟು ನಿಲ್ಲುವುದು ಆ ತಿಂಗಳುಗಳಲ್ಲಿ ಅಪರೂಪವೇನಲ್ಲ.

ಮೊದಲ ಬೋಟಿನಲ್ಲೇ ಒಂದು ಸೂಚನೆ

ಹೋಗುವಾಗ ಖಾಸಗಿ ಕ್ಯಾಟಮರಾನ್, ಅಂದ್ರೆ ಜೋಡಿ ಒಡಲಿನ ವೇಗದ ಬೋಟು. ಸುಮಾರು ಒಂದೂವರೆ ಗಂಟೆ. ಒಳಗೆ ಎಸಿ, ಮುಚ್ಚಿದ ಕಿಟಕಿ, ಸಾಲು ಸಾಲು ಸೀಟು. ಅಮ್ಮನಿಗೆ ಹದಿನೈದು ನಿಮಿಷಕ್ಕೇ ಹೊಟ್ಟೆ ತೊಳಸಿತು. ಅಲೆ ಕಣ್ಣಿಗೆ ಸರಿಯಾಗಿ ಕಾಣುತ್ತಿಲ್ಲ, ಮೈ ಮಾತ್ರ ಮೇಲೆ ಕೆಳಗೆ ಹೋಗುತ್ತಿದೆ, ಗಾಳಿಗೆ ಹೊರಗೆ ಹೋಗೋಣ ಅಂದ್ರೆ ಸಿಬ್ಬಂದಿ ಬಿಡುವುದಿಲ್ಲ. ಹ್ಯಾವ್‌ಲಾಕ್ ಮುಟ್ಟುವವರೆಗೂ ವಾಂತಿ.

ಇಳಿಯುವುದು ಇನ್ನೊಂದು ಕಷ್ಟ. ನೀರು ಇಳಿದಿತ್ತು, ಬೋಟಿನ ಬಾಗಿಲಿಗಿಂತ ಜೆಟ್ಟಿ ಎತ್ತರದಲ್ಲಿತ್ತು. ಜೆಟ್ಟಿಯ ಕಾಂಕ್ರೀಟಿಗೆ ಕಟ್ಟಿದ ಹಳೇ ಟೈರುಗಳಿಗೆ ಬೋಟು ಉಜ್ಜಿಕೊಂಡು ಏಳುತ್ತಿತ್ತು, ಇಳಿಯುತ್ತಿತ್ತು. ಇಬ್ಬರು ಹುಡುಗರು ಅಮ್ಮನ ಎರಡೂ ರಟ್ಟೆ ಹಿಡಿದು ನಿಲ್ಲಿಸಿಕೊಂಡರು, ಒಂದು ಅಲೆ ಬಿಟ್ಟರು, ಇನ್ನೊಂದು ಬಿಟ್ಟರು, ಮೂರನೆಯದಕ್ಕೆ ಬೋಟು ಮೇಲೆದ್ದಾಗ "ಅಬ್ ಚಲೋ ಮಾಜಿ" (ಈಗ ನಡೀರಿ ಅಮ್ಮ) ಅಂತ ಎತ್ತಿಯೇ ಬಿಟ್ಟರು. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಇದನ್ನು ನೆನಪಿಡಿ. ಅವಸರ ಮಾಡಿ ಕಾಲಿಡಬಾರದು, ಅವರು ಹೇಳುವವರೆಗೆ ಕಾಯಬೇಕು, ಕೈಯಲ್ಲಿ ಒಂದು ಚೀಲವೂ ಇರಬಾರದು.

ಎರಡನೇ ದಿನ ರಾಧಾನಗರ ಬೀಚಿಗೆ ಹೋಗಿ ಬಂದರು. ಜೆಟ್ಟಿಯಿಂದ ಸುಮಾರು 12 ಕಿಲೋಮೀಟರ್. ಆ ರಾತ್ರಿ ಅಣ್ಣ ನನಗೆ ಫೋನ್ ಮಾಡಿದರು. ಹವಾಮಾನ ಇಲಾಖೆಯ ಬುಲೆಟಿನ್ ಬಂದಿತ್ತು: ಅಂಡಮಾನ್ ಸಮುದ್ರದಲ್ಲಿ ವಾಯುಭಾರ ಕುಸಿತ, ಎರಡು ಮೂರು ದಿನದಲ್ಲಿ ಬಿರುಗಾಳಿ, ಮೀನುಗಾರರು ಕಡಲಿಗೆ ಇಳಿಯಬಾರದು. "ಏನ್ ಮಾಡೋದು ಹೇಳಿ" ಅಂದರು. ಮೀನುಗಾರರಿಗೆ ಎಚ್ಚರಿಕೆ ಬಂತು ಅಂದ್ರೆ ಪ್ರಯಾಣಿಕರ ಬೋಟು ನಿಲ್ಲಿಸುವ ಮಾತೂ ಹತ್ತಿರದಲ್ಲೇ ಇದೆ ಅಂತ ತಿಳಿದುಕೊಳ್ಳಿ, ನಾನಾಗಿದ್ದರೆ ನೀಲ್ ಬಿಟ್ಟು ಪೋರ್ಟ್ ಬ್ಲೇರಿಗೆ ವಾಪಸ್ ಹೋಗುತ್ತಿದ್ದೆ ಅಂದೆ.

ಕವಲು

ಬೆಳಿಗ್ಗೆ ತಿಂಡಿಗೆ ಕೂತಾಗ ಜಗಳವೇ ಆಯಿತಂತೆ. ಬಿಸಿಲು ಚೆನ್ನಾಗಿತ್ತು, ಸಮುದ್ರ ಕೊಳದ ನೀರಿನ ಹಾಗಿತ್ತು. "ಎಲ್ಲಿದೆ ಭಾವ ಗಾಳಿ? ಹೋಟೆಲಿಗೆ ದುಡ್ಡು ಕಟ್ಟಿದ್ದೀವಿ, ಇಷ್ಟು ದೂರ ಬಂದು ಸುಮ್ನೆ ರೂಮಲ್ಲಿ ಕೂರೋದಾ?" ಅಂತ ತಂಗಿಯ ಗಂಡ. ಅವರ ಮಾತೂ ತಪ್ಪಲ್ಲ. ಎಷ್ಟೋ ಸಲ ಬುಲೆಟಿನ್ ಬಂದು ಏನೂ ಆಗದೆ ಹೋಗುತ್ತೆ. ಆದರೆ ಅಮ್ಮ ಒಂದೇ ಮಾತು ಹೇಳಿದರು: "ನಾನು ಆ ಮುಚ್ಚಿದ ಬೋಟು ಇನ್ನೊಂದ್ಸಲ ಹತ್ತಲ್ಲ ಕಣೋ."

ಅದರ ಮೇಲೆ ಎರಡು ಭಾಗವಾದರು. ಅಣ್ಣ, ಅತ್ತಿಗೆ, ಮಗಳು, ಅಮ್ಮ ಪೋರ್ಟ್ ಬ್ಲೇರಿಗೆ ವಾಪಸ್. ತಂಗಿಯ ಮನೆಯ ಮೂವರು ಪ್ಲಾನಿನಂತೆ ನೀಲ್‌ಗೆ.

ಅಣ್ಣ ಸರ್ಕಾರಿ ಬೋಟಿಗೆ ಟಿಕೆಟ್ಟು ತೆಗೆಸಿದರು. ದ್ವೀಪಗಳ ಹಡಗು ಇಲಾಖೆಯ ಬೋಟುಗಳಿವು. ಹ್ಯಾವ್‌ಲಾಕಿನಿಂದ ಸುಮಾರು ಎರಡೂವರೆ ಗಂಟೆ, ದರ ಖಾಸಗಿಯ ಅರ್ಧಕ್ಕಿಂತ ಕಡಿಮೆ. ಆದರೆ ಇವು ಮೊದಲು ಅಲ್ಲಿಯವರ ಬಸ್ಸು, ಆಮೇಲೆ ನಮ್ಮದು. ದ್ವೀಪದವರಿಗೆ ಸೀಟು ಬೇರೆ ಇಡುತ್ತಾರೆ, ಅವರಿಗೆ ದರವೂ ಕಡಿಮೆ. ಅದು ನ್ಯಾಯವೇ. ಆಸ್ಪತ್ರೆ, ಪರೀಕ್ಷೆ, ಕಚೇರಿ ಎಲ್ಲಕ್ಕೂ ಅವರಲ್ಲಿ ಹೆಚ್ಚಿನವರಿಗೆ ಅದೇ ದಾರಿ. ಉಳಿದ ಸೀಟಿಗೆ ಅಣ್ಣ ಬೆಳಿಗ್ಗೆಯೇ ಗುರುತಿನ ಚೀಟಿಯ ಜೆರಾಕ್ಸ್ ಹಿಡಿದು ಕೌಂಟರಿನ ಮುಂದೆ ನಿಂತರು, ಸಿಕ್ಕಿತು.

ಈ ಬೋಟಿನಲ್ಲಿ ಡೆಕ್ಕಿಗೆ ಹೋಗಬಹುದು. ಅಮ್ಮ ಹಿಂಭಾಗದಲ್ಲಿ ಗಾಳಿಗೆ ಮುಖ ಕೊಟ್ಟು, ದೂರದ ದಂಡೆಯ ಗೆರೆ ನೋಡಿಕೊಂಡು ಕೂತರು. ಒಂದು ಸಲವೂ ವಾಂತಿ ಆಗಲಿಲ್ಲ. ಒಂದು ಗಂಟೆ ಉಳಿಸುವ ಬೋಟಿಗಿಂತ ಒಂದು ಗಂಟೆ ಜಾಸ್ತಿ ಹಿಡಿಯುವ ಬೋಟು ಅವರ ಮೈಗೆ ಒಗ್ಗಿತು.

ಜೆಟ್ಟಿಯಲ್ಲಿ ಬೇರೆಯಾಗುವಾಗ ಒಂದು ವಿಷಯ ಯಾರಿಗೂ ಹೊಳೆಯಲಿಲ್ಲ. ಪುಟ್ಟ ಮೊಮ್ಮಗನ ಆಧಾರ್ ಕಾರ್ಡು ಅಮ್ಮನ ವ್ಯಾನಿಟಿ ಬ್ಯಾಗಿನಲ್ಲೇ ಉಳಿಯಿತು, ಹೋಟೆಲಿನಲ್ಲಿ ತೋರಿಸಿ ಅಲ್ಲೇ ಇಟ್ಟಿದ್ದು. ವಿಮಾನದ ಟಿಕೆಟ್ಟು ಅಣ್ಣನ ಫೋನಿನಲ್ಲಿ. ನಗದು ಕೂಡ ಹೆಚ್ಚು ಪಾಲು ಅಣ್ಣನ ಹತ್ತಿರವೇ.

ನೀಲ್‌ನಲ್ಲಿ

ಮರುದಿನ ಬೆಳಿಗ್ಗೆ ನೀಲ್‌ನಲ್ಲಿ ಎಲ್ಲ ಸರಿಯಾಗೇ ಇತ್ತು. ಸ್ಕೂಟರ್ ಬಾಡಿಗೆಗೆ ತಗೊಂಡು ಸೀತಾಪುರ, ಲಕ್ಷ್ಮಣಪುರ ಬೀಚುಗಳನ್ನು ನೋಡಿದರು. ದ್ವೀಪ ಚಿಕ್ಕದು, ಸುತ್ತೋದಕ್ಕೆ ಅರ್ಧ ದಿನ ಸಾಕು. ಮಧ್ಯಾಹ್ನ ಗಾಳಿ ಎದ್ದಿತು. ಸಂಜೆ ಹೊತ್ತಿಗೆ ಭರತ್‌ಪುರದ ಜೆಟ್ಟಿಯಲ್ಲಿ ಬೋರ್ಡು ಹಾಕಿದರು: ಮುಂದಿನ ಆದೇಶದವರೆಗೆ ಎಲ್ಲ ಬೋಟು ರದ್ದು. ಖಾಸಗಿಯದ್ದೂ, ಸರ್ಕಾರದ್ದೂ. ವಿಮಾನ ಇದ್ದದ್ದು ಮರುದಿನ ಮಧ್ಯಾಹ್ನ.

ಅಲ್ಲಿಂದ ಅವರು ಏನೇನು ಪ್ರಯತ್ನ ಮಾಡಿದರು ಅನ್ನೋದು ಕಲಿಯಬೇಕಾದ ಭಾಗ.

ಮೊದಲು ಖಾಸಗಿ ಬೋಟಿನವರ ಕೌಂಟರು. ದುಡ್ಡು ವಾಪಸ್ ಬರುತ್ತೆ ಅಂದರು, ಮುಂದಿನ ಬೋಟಿನಲ್ಲಿ ಸೀಟಿನ ಭರವಸೆ ಕೊಡಲಿಲ್ಲ. ಯಾವಾಗ ಹೊರಡುತ್ತೋ ಅವರಿಗೂ ಗೊತ್ತಿಲ್ಲ, ಹೇಗೆ ಕೊಡ್ತಾರೆ?

ಆಮೇಲೆ ಹೆಲಿಕಾಪ್ಟರ್ ವಿಚಾರಿಸಿದರು. ದ್ವೀಪಗಳ ನಡುವೆ ಹೆಲಿಕಾಪ್ಟರ್ ಸೇವೆ ಇದೆ, ಆದರೆ ಸೀಟು ಬೆರಳೆಣಿಕೆ, ರೋಗಿಗಳಿಗೂ ದ್ವೀಪದವರಿಗೂ ಮೊದಲ ಹಕ್ಕು. ಆ ಗಾಳಿಗೆ ಅದೂ ಹಾರುವ ಹಾಗಿರಲಿಲ್ಲ.

ಮೂರನೆಯದ್ದು ನನ್ನನ್ನು ಈಗಲೂ ಹೆದರಿಸುವ ವಿಷಯ. ಜೆಟ್ಟಿಯ ಹತ್ತಿರ ಒಬ್ಬ ಬಂದು, ನಸುಕಿಗೆ ಗಾಳಿ ತಗ್ಗಿದರೆ ಡುಂಗಿಯಲ್ಲಿ, ಅಂದ್ರೆ ಅಲ್ಲಿನ ಮೀನುಗಾರರ ಮೋಟಾರು ದೋಣಿಯಲ್ಲಿ, ಹ್ಯಾವ್‌ಲಾಕಿಗೆ ಬಿಡುತ್ತೇನೆ, ಅಲ್ಲಿಂದ ದೊಡ್ಡ ಬೋಟು ಬೇಗ ಸಿಗುತ್ತೆ ಅಂದ. ಆಗಲೇ ನಾಲ್ಕು ಜನ ಒಪ್ಪಿದ್ದಾರೆ ಅಂತಲೂ ಹೇಳಿದ. ತಂಗಿಯ ಗಂಡ ಅರ್ಧ ಮನಸ್ಸು ಮಾಡಿದ್ದರು. ತಂಗಿ ಅಲ್ಲೇ ಕಡ್ಡಿ ಮುರಿದ ಹಾಗೆ ಹೇಳಿದಳು: "ವಿಮಾನ ಹೋದ್ರೆ ಹೋಗಲಿ ರೀ, ಮಗನ್ನ ಕರ್ಕೊಂಡು ನಾನು ಅದನ್ನ ಹತ್ತಲ್ಲ."

ಈ ಇಡೀ ಪ್ರಕರಣದಲ್ಲಿ ಅತಿ ಮುಖ್ಯ ತೀರ್ಮಾನ ಇದೇ ಅಂತ ನನ್ನ ಅಭಿಪ್ರಾಯ. 2014ರ ಜನವರಿ 26ರಂದು ಪೋರ್ಟ್ ಬ್ಲೇರಿನ ಹತ್ತಿರವೇ, ದಂಡೆ ಕಾಣುವ ನೀರಿನಲ್ಲೇ, ಜಾಸ್ತಿ ಜನ ತುಂಬಿದ ಒಂದು ಪ್ರವಾಸಿ ಬೋಟು ಮುಳುಗಿ 21 ಜನ ಸತ್ತರು. ಬಂದರಿನವರು ದೊಡ್ಡ ಬೋಟುಗಳನ್ನೇ ನಿಲ್ಲಿಸಿದ್ದಾರೆ ಅಂದ್ರೆ ಚಿಕ್ಕ ದೋಣಿ ಹೋಗುವ ಮಾತೇ ಇಲ್ಲ. ಯಾರಾದರೂ ಕರೆದರೆ ಲೈಫ್ ಜಾಕೆಟ್ ಇದೆಯಾ, ಎಷ್ಟು ದುಡ್ಡು ಅಂತ ವಿಚಾರಿಸುತ್ತಾ ನಿಲ್ಲಬೇಡಿ. ಸುಮ್ಮನೆ ಅಲ್ಲಿಂದ ಬಂದುಬಿಡಿ.

ನಾಲ್ಕನೆಯದಾಗಿ ಸರ್ಕಾರಿ ಕೌಂಟರಿನಲ್ಲಿ ಹೆಸರು ಬರೆಸಿದರು. ಒಂದು ಉದ್ದ ಪುಸ್ತಕದಲ್ಲಿ ಗುಮಾಸ್ತರು ಕೈಯಲ್ಲೇ ಪಟ್ಟಿ ಮಾಡುತ್ತಿದ್ದರು. ಮಗುವಿನ ಗುರುತಿನ ಚೀಟಿ ಕೇಳಿದರು. ಅದು ಪೋರ್ಟ್ ಬ್ಲೇರಿನಲ್ಲಿ. ಅಣ್ಣ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದರು, ನೆಟ್‌ವರ್ಕ್ ಇಲ್ಲದೆ ಆ ಒಂದು ಫೋಟೋ ಇಳಿಯಲು ಮುಕ್ಕಾಲು ಗಂಟೆ. 2020ರ ಆಗಸ್ಟಿನಲ್ಲಿ ಚೆನ್ನೈನಿಂದ ಅಂಡಮಾನಿಗೆ ಸಮುದ್ರದಡಿಯ ಕೇಬಲ್ ಬಂದ ಮೇಲೆ ಪೋರ್ಟ್ ಬ್ಲೇರಿನಲ್ಲೂ ಹ್ಯಾವ್‌ಲಾಕಿನಲ್ಲೂ ಇಂಟರ್ನೆಟ್ ಎಷ್ಟೋ ಸುಧಾರಿಸಿದೆ. ಆದರೆ ಕೇಬಲ್ ಮುಟ್ಟಿದ ದ್ವೀಪಗಳ ಆ ಪಟ್ಟಿಯಲ್ಲಿ ನೀಲ್ ಇರಲಿಲ್ಲ. ಮಳೆಗಾಳಿಯಲ್ಲಿ ಯುಪಿಐ ಕೈಕೊಟ್ಟಿತು. ಹೋಟೆಲಿನವರು ಒಳ್ಳೆಯವರು, ಚಿಕ್ಕ ರೂಮಿಗೆ ಬದಲಿಸಿ, ದುಡ್ಡು ಆಮೇಲೆ ಕೊಡಿ ಅಂದರು. ಎಲ್ಲರಿಗೂ ಅಂಥ ಅದೃಷ್ಟ ಇರುವುದಿಲ್ಲ.

ವಿಮಾನದ ವಿಷಯ

ಇಲ್ಲಿ ಎರಡನೇ ತಿರುವು. ಬೋಟು ರದ್ದಾದ ಸಂಜೆ ಅಣ್ಣ ಮತ್ತೆ ನನಗೆ ಫೋನ್ ಮಾಡಿದರು. ತಂಗಿಯ ಗಂಡನ ವಾದ: ಬೆಳಿಗ್ಗೆ ಆರಕ್ಕೆ ನೋಡೋಣ, ಬೋಟು ಬಿಟ್ಟರೆ ಎಂಟೂವರೆಗೆ ಪೋರ್ಟ್ ಬ್ಲೇರ್, ವಿಮಾನಕ್ಕೆ ಬೇಕಾದಷ್ಟು ಟೈಮಿದೆ, ಈಗಲೇ ಯಾಕೆ ದುಡ್ಡು ಕಳೆದುಕೊಳ್ಳೋದು? ನಾನು ಅಣ್ಣನಿಗೆ ಹೇಳಿದ್ದು ಇಷ್ಟು. ಬೋಟು ನಿಂತರೂ ವಿಮಾನ ಹಾರಬಹುದು. ವಿಮಾನ ಹಾರಿದರೆ ನೀವು ಬರಲಿಲ್ಲ ಅಂತಲೇ ಲೆಕ್ಕ, ಬೋಟಿನ ಕಥೆ ವಿಮಾನದವರಿಗೆ ಸಂಬಂಧ ಇಲ್ಲ. ಹೊರಡುವ ಮುಂಚೆ ದಿನಾಂಕ ಬದಲಿಸಿದರೆ ದಂಡ ಮತ್ತು ದರದ ವ್ಯತ್ಯಾಸ ಕಟ್ಟಬೇಕು. ಬದಲಿಸದೆ ಬಿಟ್ಟರೆ ಟಿಕೆಟ್ಟಿನ ಹೆಚ್ಚುಕಮ್ಮಿ ಎಲ್ಲ ದುಡ್ಡೂ ಹೋಗಿ, ಆಮೇಲೆ ಸಿಕ್ಕ ದರಕ್ಕೆ ಹೊಸ ಟಿಕೆಟ್ಟು. ಅದೂ ನಿಮ್ಮ ಹಾಗೇ ಸಿಕ್ಕಿಕೊಂಡ ನೂರಾರು ಜನ ಅದೇ ಸೀಟುಗಳನ್ನು ಹುಡುಕುವ ಹೊತ್ತಿನಲ್ಲಿ.

ಅಣ್ಣ ತಂಗಿಯ ಗಂಡನ ಜೊತೆ ವಾದ ಮಾಡುತ್ತಾ ಕೂರಲಿಲ್ಲ. ಕಾಲ್ ಸೆಂಟರಿಗೆ ಫೋನ್ ಮಾಡಿ ಒಂದು ಪಿಎನ್‌ಆರ್ ಅನ್ನು ಎರಡು ಮಾಡಿಸಿದರು. ಅದೇ ಅರ್ಧ ರಾತ್ರಿ ತಿಂದಿತು. ಒಂದರಲ್ಲಿ ಅಮ್ಮ, ಅತ್ತಿಗೆ, ಮಗಳು. ಇನ್ನೊಂದರಲ್ಲಿ ತಂಗಿಯ ಮನೆಯ ಮೂವರು ಮತ್ತು ತಾವು. ಈ ನಾಲ್ಕು ಸೀಟನ್ನು ಎರಡು ದಿನ ಮುಂದೆ ಹಾಕಿಸಿದರು. ಒಂದು ದಿನ ಸಾಕು ಅನ್ನಿಸಿತ್ತಂತೆ. ಬೋಟು ಶುರುವಾದ ಮೊದಲ ದಿನವೇ ಸೀಟು ಸಿಗುತ್ತೆ ಅಂತ ನಂಬಬೇಡಿ ಅಂದಿದ್ದೆ, ಅದಕ್ಕೆ ಎರಡು.

ಅಮ್ಮ ಯಾಕೆ ಕಾಯಲಿಲ್ಲ ಅಂದ್ರೆ ಮಾತ್ರೆ. ಊರಿಗೆ ಮುಟ್ಟಿ ಒಂದು ದಿನಕ್ಕೆ ಆಗುವಷ್ಟೇ ತಂದಿದ್ದರು. ಪೋರ್ಟ್ ಬ್ಲೇರಿನಲ್ಲಿ ಔಷಧಿ ಅಂಗಡಿಗಳಿವೆ, ಸಿಗುತ್ತಿತ್ತೇನೋ. ಆದರೆ ಮಗ ಉಳಿದುಕೊಳ್ಳುತ್ತೇನೆ ಅಂದ ಮೇಲೆ ಅಮ್ಮನೇ ಹೊರಡುತ್ತೇನೆ ಅಂದರು.

ಮರುದಿನ ಏನಾಯಿತು? ಬೆಳಿಗ್ಗೆ ಆರಕ್ಕೆ ನೀಲ್‌ನಲ್ಲಿ ಗಾಳಿ ಇನ್ನೂ ಜೋರು. ಅಮ್ಮ ಮತ್ತು ಜೊತೆಯವರ ವಿಮಾನ ಹೊತ್ತಿಗೆ ಸರಿಯಾಗಿ ಹಾರಿತು. ನೀಲ್‌ಗೆ ಮೊದಲ ಸರ್ಕಾರಿ ಬೋಟು ಬಂದದ್ದು ಮಧ್ಯಾಹ್ನ ಎರಡರ ಮೇಲೆ, ಅದರಲ್ಲಿ ರೋಗಿಗಳು, ವಯಸ್ಸಾದವರು, ದ್ವೀಪದವರು ಹೋದರು. ನವೆಂಬರಿನಲ್ಲಿ ಅಲ್ಲಿ ಸಂಜೆ ಐದಕ್ಕೆಲ್ಲ ಕತ್ತಲು. ನಮ್ಮ ಗಡಿಯಾರವೇ ಅಲ್ಲಿಯದ್ದೂ, ಸೂರ್ಯ ಮಾತ್ರ ಬೇಗ ಎದ್ದು ಬೇಗ ಮುಳುಗುತ್ತಾನೆ. ಹಾಗಾಗಿ ಮಧ್ಯಾಹ್ನ ಶುರುವಾದ ದಿನ ಇನ್ನೊಂದು ಬೋಟಿನ ಆಸೆ ಇಲ್ಲ. ತಂಗಿಯ ಮನೆಯವರಿಗೆ ಸೀಟು ಸಿಕ್ಕಿದ್ದು ಅದರ ಮರುದಿನ, ಆ ಉದ್ದ ಪುಸ್ತಕದಲ್ಲಿ ಬರೆಸಿದ ಹೆಸರಿನಿಂದಲೇ. ಅವತ್ತು ರಾತ್ರಿ ಪೋರ್ಟ್ ಬ್ಲೇರಿನಲ್ಲಿ ಮಲಗಿ, ಮರುದಿನ ವಿಮಾನ ಹತ್ತಿದರು. ಖರ್ಚು ಜಾಸ್ತಿಯಾಯಿತು: ಬದಲಾವಣೆಯ ದಂಡ, ದರದ ವ್ಯತ್ಯಾಸ, ನೀಲ್‌ನಲ್ಲಿ ಇನ್ನೊಂದು ರಾತ್ರಿ, ಪೋರ್ಟ್ ಬ್ಲೇರಿನಲ್ಲಿ ರೂಮು, ಇಬ್ಬರ ರಜೆ.

ಅಮ್ಮನ ಗುಂಪು ಆ ನಡುವಿನ ದಿನ ಏನು ಮಾಡಿತು ಅಂತಲೂ ಹೇಳಬೇಕು, ಯಾಕಂದ್ರೆ ಪೋರ್ಟ್ ಬ್ಲೇರಿನಲ್ಲಿ ಉಳಿಯುವುದು ದಿನ ಹಾಳು ಅಂತ ಜನ ತಿಳಿದಿದ್ದಾರೆ. ಗಾಳಿ ಏಳುವ ಮುಂಚೆ, ಬೆಳಿಗ್ಗೆ, ಚಾಥಮ್‌ನಿಂದ ಬಂದರಿನ ಆಚೆ ದಡದ ಬಂಬೂಫ್ಲಾಟ್‌ಗೆ ಹೋಗುವ ವಾಹನಗಳ ಫೆರ್ರಿ ಹತ್ತಿದರು. ಬಂದರಿನ ಒಳಗಿನ ನೀರು, ಹೊರಗಿನ ಹಾಗೆ ಅಲೆ ಇಲ್ಲ. ಕಾರು, ಬೈಕು, ಶಾಲೆ ಮಕ್ಕಳು, ತರಕಾರಿ ಬುಟ್ಟಿ ಎಲ್ಲ ಒಟ್ಟಿಗೆ. ಅಮ್ಮ ಟ್ಯಾಕ್ಸಿಯಿಂದ ಇಳಿಯದೆಯೇ ಸಮುದ್ರ ದಾಟಿದರು. ರಸ್ತೆಯಲ್ಲಿ ಸುತ್ತಿಕೊಂಡು ಹೋದರೆ ಎಷ್ಟೋ ಹೊತ್ತು ಹಿಡಿಯುವ ಜಾಗಕ್ಕೆ ಕೆಲವೇ ನಿಮಿಷ. ಆಚೆ ಹೋಗಿ ಮೌಂಟ್ ಹ್ಯಾರಿಯಟ್ ಬೆಟ್ಟ ನೋಡಿ ಬಂದರು, 2021ರಿಂದ ಅದು ಮೌಂಟ್ ಮಣಿಪುರ. ಇಡೀ ಪ್ರವಾಸದಲ್ಲಿ ಅಮ್ಮನಿಗೆ ಇಷ್ಟವಾದದ್ದು ಇದೇ.

ಇದರಿಂದ ನಾನು ಹೇಳುವ ಸಲಹೆ ಹೇಗೆ ಬದಲಾಯಿತು

ಈಗ ಯಾರು ಕೇಳಿದರೂ ಪ್ಲಾನನ್ನು ಕೊನೆಯಿಂದ ಶುರು ಮಾಡಿ ಅನ್ನುತ್ತೇನೆ. ವಿಮಾನದ ಹಿಂದಿನ ರಾತ್ರಿ ಪೋರ್ಟ್ ಬ್ಲೇರಿನಲ್ಲಿ. ಮೇ ತಿಂಗಳಿಂದ ಡಿಸೆಂಬರ್ ತನಕ ಹೋಗುವವರು ಎರಡು ರಾತ್ರಿ ಇಟ್ಟುಕೊಳ್ಳಿ. ಸೆಲ್ಯುಲರ್ ಜೈಲು, ರಾಸ್ ದ್ವೀಪ, ಚಾಥಮ್ ಎಲ್ಲವನ್ನೂ ಬಂದ ದಿನವೇ ಓಡಾಡಿ ಮುಗಿಸಬೇಡಿ, ಆ ಕೊನೆಯ ದಿನಗಳಿಗೆ ಇಡಿ. ಆಗ ಆ ರಾತ್ರಿ ದಂಡ ಅನ್ನಿಸುವುದಿಲ್ಲ.

ಎರಡು ದ್ವೀಪಗಳಲ್ಲಿ ನೀಲ್ ಮೊದಲು, ಹ್ಯಾವ್‌ಲಾಕ್ ಆಮೇಲೆ. ಹ್ಯಾವ್‌ಲಾಕಿನಿಂದ ಪೋರ್ಟ್ ಬ್ಲೇರಿಗೆ ಬೋಟು ಜಾಸ್ತಿ, ಒಂದು ತಪ್ಪಿದರೆ ಇನ್ನೊಂದು ಸಿಗುವ ಸಾಧ್ಯತೆಯೂ ಜಾಸ್ತಿ. ಏಜೆಂಟರು ಉಲ್ಟಾ ಕೊಟ್ಟರೆ ಬದಲಿಸಿಕೊಡಿ ಅಂತ ಕೇಳಿ.

ಗುಂಪು ಒಡೆಯುವುದು ತಪ್ಪಲ್ಲ, ಇವರ ವಿಷಯದಲ್ಲಿ ಒಡೆದದ್ದರಿಂದಲೇ ಪೋರ್ಟ್ ಬ್ಲೇರಿನಲ್ಲಿ ಒಬ್ಬರು ಇದ್ದು ವಿಮಾನದ ಕೆಲಸ ನೋಡಿಕೊಳ್ಳಲು ಆಯಿತು. ಆದರೆ ಒಡೆಯುವ ಮುಂಚೆ ಹತ್ತು ನಿಮಿಷ ಕೂತು ಗುರುತಿನ ಚೀಟಿ, ಮಾತ್ರೆ, ನಗದು ಹಂಚಿಕೊಳ್ಳಿ. ಟಿಕೆಟ್ಟು ಮಾಡುವಾಗಲೇ ಒಂದೊಂದು ಮನೆಗೆ ಒಂದೊಂದು ಪಿಎನ್‌ಆರ್ ಇರಲಿ. ಮಾತ್ರೆ ಪ್ರವಾಸದ ದಿನಗಳಿಗಿಂತ ಒಂದು ವಾರದಷ್ಟು ಜಾಸ್ತಿ ಇರಲಿ.

ತಂಗಿಯ ಗಂಡ ಈಗಲೂ ನೀಲ್‌ಗೆ ಹೋದದ್ದು ಸರಿ ಅನ್ನುತ್ತಾರೆ, ಆ ಬೆಳಿಗ್ಗೆ ಮಗ ನೀರಲ್ಲಿ ಆಡಿದ್ದನ್ನು ನೋಡಿದ್ದರೆ ನೀವೂ ಒಪ್ಪುತ್ತಿದ್ದಿರಿ ಅಂತ. ಹೋಗಿದ್ದರ ಬಗ್ಗೆ ನನಗೂ ತಕರಾರಿಲ್ಲ. ನೀಲ್ ಆದ ಮೇಲೆ ಒಂದು ರಾತ್ರಿಯ ಅಂತರವೂ ಇಲ್ಲದೆ ವಿಮಾನ ಇಟ್ಟದ್ದರ ಬಗ್ಗೆ ಇದೆ.

ಇನ್ನೊಂದು ಸಲ ಹೋಗಬೇಕು ಅಂತಿದ್ದಾರೆ, ಈ ಸಲ ಉತ್ತರದ ಡಿಗ್ಲಿಪುರ. ಪೋರ್ಟ್ ಬ್ಲೇರಿನಿಂದ ಅಂಡಮಾನ್ ಟ್ರಂಕ್ ರೋಡಿನಲ್ಲಿ ಸುಮಾರು 325 ಕಿಲೋಮೀಟರ್. ಬಸ್ಸು ನಸುಕಿಗೇ ಹೊರಡುತ್ತೆ, ಹತ್ತು ಹನ್ನೆರಡು ಗಂಟೆ ಹಿಡಿಯುತ್ತೆ. ಜಿರ್ಕಾಟಾಂಗ್ ಚೆಕ್‌ಪೋಸ್ಟಿನಿಂದ ಮುಂದೆ ಜಾರವಾ ಆದಿವಾಸಿ ಜನರ ಮೀಸಲು ಕಾಡು. ಅಲ್ಲಿ ನಿಗದಿತ ಹೊತ್ತಿಗೆ ವಾಹನಗಳನ್ನು ಸಾಲಾಗಿ, ಬೆಂಗಾವಲಿನಲ್ಲಿ ಬಿಡುತ್ತಾರೆ. ನಿಲ್ಲಿಸುವ ಹಾಗಿಲ್ಲ, ಅವರ ಫೋಟೋ ತೆಗೆಯುವುದು ಅಪರಾಧ. ಆ ಕಾಡು ಅವರ ಮನೆ, ನಾವು ಕ್ಯಾಮೆರಾ ಒಳಗಿಟ್ಟು ಸುಮ್ಮನೆ ದಾಟಬೇಕು. ಆಮೇಲೆ ಮಿಡಲ್ ಸ್ಟ್ರೇಟ್ ಅನ್ನೋ ಜಲಸಂಧಿಯಲ್ಲಿ ಬಸ್ಸು ಸಮೇತ ಫೆರ್ರಿ. ಈ ದಾರಿಯೂ ನಿಲ್ಲಬಹುದು, ಮಳೆಗೆ ಮರ ಬೀಳಬಹುದು, ಮಣ್ಣು ಕುಸಿಯಬಹುದು. ಆದರೆ ದಾಟುವ ನೀರು ಕಿರಿದು, ಹೊರಗಿನ ಕಡಲಿನಷ್ಟು ಗಾಳಿಯ ಹಿಡಿತದಲ್ಲಿಲ್ಲ. ಅಣ್ಣ ಈ ಸಲ ತಾವೇ ಕೂತು ಪ್ಲಾನು ಬರೆದು ಕಳಿಸಿದ್ದಾರೆ: ಮೊದಲು ಡಿಗ್ಲಿಪುರ, ಆಮೇಲೆ ಹ್ಯಾವ್‌ಲಾಕ್, ಕೊನೆಗೆ ಎರಡು ರಾತ್ರಿ ಪೋರ್ಟ್ ಬ್ಲೇರ್. ಟಿಕೆಟ್ಟು ಎರಡು ಪಿಎನ್‌ಆರ್‌ನಲ್ಲಿ. ಹ್ಯಾವ್‌ಲಾಕಿಗೆ ಹೋಗಿ ಬರಲು ಅಮ್ಮನಿಗೆ ಸರ್ಕಾರಿ ಬೋಟೇ ಬೇಕಂತೆ, ಬುಕಿಂಗ್ ತೆರೆದ ದಿನವೇ ಟಿಕೆಟ್ಟು ಮಾಡಿಸಿ ಅಂತ ಹೇಳಿದ್ದೇನೆ.